ಇಪ್ಪತ್ತನಾಲ್ಕು ಬಾಟಲಿ ಮಳೆನೀರು

೧೯೭೮ರ ಜನವರಿ ನಾಲ್ಕು, ಬುಧವಾರ. ಬೆಳಿಗ್ಗೆ ಎಂಟು ಗಂಟೆಯಿಂದ, ಹತ್ತು ನಿಮಿಷಕ್ಕೊಂದರಂತೆ, ಇಪ್ಪತ್ತನಾಲ್ಕು ಬಾಟಲಿ ಮಳೆನೀರನ್ನು ನನ್ನ ಕೈಯಾರೆ ಹಿಡಿದೆ.

ಹಿಡಿದ ಸ್ಥಳ, ಸ್ಯಾನ್ ಡಿಯಾಗೋದ ದಕ್ಷಿಣಕ್ಕಿದ್ದ ಮಹಾಂತಪ್ಪನವರ ಕಾರ್ ರಿಪೇರಿ ಗ್ಯಾರೇಜಿನ ಅಂಗಳದ ಮೋರಿ. ಈ ಊರಿನಲ್ಲಿ ಮನೆಗಳ ಕೊಳೆನೀರಿಗೆ ಒಂದು ಕೊಳವೆ, ಮಳೆನೀರಿಗೆ ಇನ್ನೊಂದು. ಮೊದಲನೆಯದು ಶುದ್ಧೀಕರಣಕ್ಕೆ ಹೋಗುತ್ತದೆ. ಎರಡನೆಯದು ಬೀದಿಯ ಎಣ್ಣೆಯನ್ನೂ ಕಸವನ್ನೂ ಹೊತ್ತು ನೇರವಾಗಿ ಸಮುದ್ರ ಸೇರುತ್ತದೆ. ಆ ಎಣ್ಣೆ ಎಲ್ಲಿಂದ ಎಷ್ಟು ಬರುತ್ತದೆಂದು ಅಳೆಯುವ ಕೆಲಸ ನಗರಸಭೆಯಿಂದ ನಮ್ಮ ಸಣ್ಣ ಸಂಸ್ಥೆಗೆ ಬಂದಿತ್ತು. ಸಂಸ್ಥೆಯ ಒಡೆಯರು ಬೆಂಗಳೂರಿನ ಕೃಷ್ಣಸ್ವಾಮಿ. ಅವರ ಕಚೇರಿ ಲಾಸ್ ಏಂಜಲೀಸ್‌ನಲ್ಲಿ. ಮೈಸೂರಿನಲ್ಲಿ ಮೂವತ್ತೊಂದು ವರ್ಷ ಕುಡಿಯುವ ನೀರಿನ ಇಲಾಖೆಯಲ್ಲಿ ದುಡಿದು ಬಂದಿದ್ದ ನನಗೆ ಸ್ಯಾನ್ ಡಿಯಾಗೋದ ಭಾಗವನ್ನು ಒಪ್ಪಿಸಿದ್ದರು.

ನಮಗೆ ಕೊಟ್ಟಿದ್ದ ಮಿತಿ, ಲೀಟರಿಗೆ ಹದಿನೈದು ಮಿಲಿಗ್ರಾಂ ಎಣ್ಣೆ. ಲ್ಯಾಬಿನಿಂದ ಬಂದ ಸರಾಸರಿ ಇಪ್ಪತ್ತೊಂದು. ಹದಿಮೂರನೆಯ ತಾರೀಖು ವರದಿ ಕಳುಹಿಸಿದೆ. ಹದಿನಾರರಂದು ನಗರಸಭೆಯ ನೋಟೀಸು ಬಂದು ಗ್ಯಾರೇಜಿಗೆ ಬೀಗ ಬಿತ್ತು.

ಹದಿನೆಂಟರಂದು ಮಹಾಂತಪ್ಪ ಫೋನ್ ಮಾಡಿ ಕರೆದರು. ಹೋದೆ. ಹುಬ್ಬಳ್ಳಿಯ ಕಡೆಯವರು, ಎಂಜಿನಿಯರ್ ಕೆಲಸ ಬಿಟ್ಟು ಈ ಗ್ಯಾರೇಜು ಹಾಕಿದ್ದರು.

“ರಾಯರ, ದಿನಾ ಸಂಜಿಮುಂದ ಕಟ್ಟಿಗಿ ಹೊಟ್ಟು ಹಾಕಿ ಎಣ್ಣಿ ಬಳೀತೀನ್ರಿ. ನನ್ನ ಅಂಗಳದಾಗ ಕುಂತು ಊಟಾ ಮಾಡಬಹುದು,” ಎಂದರು.

“ಊಟಕ್ಕೆ ಬಂದಿಲ್ಲ. ಮಿತಿ ಹದಿನೈದು, ಬಂದದ್ದು ಇಪ್ಪತ್ತೊಂದು.”

“ಎಷ್ಟು ಬಂತು ಅಂತ ಕೇಳಿಲ್ಲ ನಾ. ಯಾಕ ಬಂತು ಅಂತ ಕೇಳಾಕತ್ತೀನಿ. ಒಂದು ತಿಂಗಳ ಬಾಗಲಾ ಹಾಕಿದರ ಗಿರಾಕಿಗಳು ಬ್ಯಾರೆ ಗ್ಯಾರೇಜ್ ಹಿಡೀತಾರ. ತಿರುಗಿ ಬರಂಗಿಲ್ಲ. ಹತ್ತು ವರ್ಷದ ಕೆಲಸ ಹೋತು.”

ಅಂಗಳವನ್ನು ಒಂದು ಸುತ್ತು ನೋಡಿ ಬಂದೆ. ಅಂಗಳ ನಿಜವಾಗಿಯೂ ಚೊಕ್ಕಟವಾಗಿತ್ತು.

ಬಿಲ್ಲು, ಫೋನು ನೋಡಿಕೊಳ್ಳುತ್ತಿದ್ದ ಅವರ ಹೆಂಡತಿ ಶಿವಬಸವ್ವ ಒಳಗಿನಿಂದ, “ಜಗಳಾ ನಿಂತು ಮಾಡಬ್ಯಾಡ್ರಿ, ಕುಂತು ಮಾಡ್ರಿ. ಮೊದಲ ನೀರು ಕುಡೀರಿ,” ಎಂದರು. ಮಣೆಯ ಮೇಲಿನ ಸ್ಟೀಲ್ ಲೋಟವನ್ನು ತೆಗೆದುಕೊಂಡರು. ಅದು ತೊಳೆದು ಬೋರಲು ಹಾಕಿದ್ದ ಲೋಟ. ಆದರೂ ಅದಕ್ಕೆ ಒಂದಿಷ್ಟು ನೀರು ಹಾಕಿ, ಗಲಬರಿಸಿ, ಚೆಲ್ಲಿದರು. ಮತ್ತೊಮ್ಮೆ ಹಾಗೆಯೇ ಮಾಡಿದರು. ಅನಂತರ ತುಂಬಿ ಕೊಟ್ಟರು.

ಕುಡಿಯದೆ ಲೋಟವನ್ನು ಕೈಯಲ್ಲಿ ತಿರುಗಿಸಿ ನೋಡಿದೆ.

“ಯಾಕ್ರಿ ರಾಯರ, ನಮ್ಮ ಕೈನೀರು ನಡೆಯಂಗಿಲ್ಲೇನು?” ಎಂದರು ಶಿವಬಸವ್ವ.

ಒಂದು ತೊಟ್ಟೂ ಬಿಡದೆ ಕುಡಿದೆ. “ತಾಯಿ, ತೊಳೆದ ಲೋಟವನ್ನು ಮತ್ತೆ ಯಾಕೆ ಗಲಬರಿಸಿದಿರಿ?”

“ಹಂಗ ಕೊಡತಾರೇನ್ರಿ ಯಾರರ? ನಿಮ್ಮ ಕಡೆ ಕೊಡತಾರೇನು?”

ನಮ್ಮ ಕಡೆಯೂ ಕೊಡುವುದಿಲ್ಲ. ಆ ಇಪ್ಪತ್ತನಾಲ್ಕು ಬಾಟಲಿಗಳಲ್ಲಿ ಪ್ರತಿಯೊಂದನ್ನೂ ಅದೇ ಮೋರಿಯ ನೀರಿನಿಂದ ಮೂರು ಸಲ ಗಲಬರಿಸಿಯೇ ನಾನು ತುಂಬಿದ್ದೆ. ಬಾವಿಯ ನೀರಿನಲ್ಲಿ ಉಪ್ಪು ಅಳೆಯುವಾಗ ಅದು ಸರಿಯಾದ ಕ್ರಮ. ಎಣ್ಣೆಗೆ ಅದು ತಪ್ಪು. ಚೆಲ್ಲಿದ ನೀರು ಹೋಗುತ್ತದೆ, ಅದರ ಎಣ್ಣೆ ಗಾಜಿಗೆ ಅಂಟಿ ಉಳಿಯುತ್ತದೆ. ಲ್ಯಾಬಿನವರು ಗಾಜನ್ನೂ ತೊಳೆದು ಆ ಎಣ್ಣೆಯನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಒಣ ಬಾಟಲಿಯನ್ನು ಒಂದೇ ಸಲ ತುಂಬಬೇಕೆಂದು ಅವರ ಸೂಚನೆಯಲ್ಲಿ ಬರೆದಿತ್ತು. ನಾನು ಅದನ್ನು ಓದಿದ್ದೆ. ಕೈ ಮಾತ್ರ ಮನೆಯ ಅಭ್ಯಾಸವನ್ನೇ ಮಾಡಿತ್ತು.

ಮರುದಿನ ಒಂದೇ ಬಕೆಟ್ಟಿನ ಎಣ್ಣೆನೀರನ್ನು ಕಲಕುತ್ತ ಹನ್ನೆರಡು ಬಾಟಲಿಗಳಿಗೆ ತುಂಬಿದೆ. ಆರನ್ನು ಗಲಬರಿಸಿ, ಆರನ್ನು ಒಣಗಿದ್ದಂತೆಯೇ. ಗಲಬರಿಸಿದವುಗಳ ಸರಾಸರಿ ಇಪ್ಪತ್ತು, ಒಣ ಬಾಟಲಿಗಳದು ಹದಿನಾಲ್ಕು. ಇಪ್ಪತ್ತೈದರಂದು ಫಲಿತಾಂಶ ಕೈಸೇರಿದ ಕೂಡಲೇ ಕೃಷ್ಣಸ್ವಾಮಿಗೆ ಫೋನಿನಲ್ಲಿ ತಿಳಿಸಿದೆ.

“ಅಷ್ಟೇ ತಾನೇ ಸರ್? ಆರು ಕಳೆದುಬಿಡಿ,” ಎಂದರು. “ಇಪ್ಪತ್ತೊಂದರಲ್ಲಿ ಆರು ಹೋದ್ರೆ ಹದಿನೈದು. ಕರೆಕ್ಟಾಗಿ ಬಾರ್ಡರ್. ಅವರ ಗ್ಯಾರೇಜೂ ಉಳಿಯತ್ತೆ, ನಮ್ಮ ಮರ್ಯಾದೆನೂ ಉಳಿಯತ್ತೆ.”

“ಬಕೆಟ್ಟಿನ ಪರೀಕ್ಷೆಯಲ್ಲೇ ಒಂದು ಬಾಟಲಿಗೆ ಮೂರು ಅಂಟಿದೆ, ಇನ್ನೊಂದಕ್ಕೆ ಒಂಬತ್ತು. ಯಾವುದರಲ್ಲಿ ಎಷ್ಟು ಕಳೆಯಲಿ? ಇಪ್ಪತ್ತನಾಲ್ಕರ ಅಂಕಿಯನ್ನೂ ಹೊಡೆದುಹಾಕಿ, ತಪ್ಪು ನಮ್ಮದೆಂದು ನಗರಸಭೆಗೆ ಬರೆಯುತ್ತೇನೆ.”

“ಸರ್, ಇನ್ನೊಂದು ಸಲ ಕಾಂಟ್ರಾಕ್ಟ್‌ಗೆ ಅಪ್ಲೈ ಮಾಡೋವಾಗ ಇದನ್ನೇ ಎತ್ತಿ ತೋರಿಸ್ತಾರೆ.”

“ತೋರಿಸಲಿ. ತಪ್ಪು ಹಿಡಿದವರೂ ನಾವೇ ಎಂಬುದು ಅದೇ ಕಾಗದದಲ್ಲಿರುತ್ತದೆ.”

“ಸರಿ, ಅದಕ್ಕೆ ನನ್ನ ಸೈನೂ ಹಾಕ್ತೀನಿ,” ಎಂದರು ಕೃಷ್ಣಸ್ವಾಮಿ. ಇಪ್ಪತ್ತಾರರ ಸಂಜೆ ನೋಟೀಸು ಹಿಂದಕ್ಕೆ ಹೋಗಿ ಬೀಗ ತೆರೆಯಿತು, ಮುಂದಿನ ಮಳೆಯ ಫಲಿತಾಂಶ ಬರುವವರೆಗೆ.

ಆ ಮಳೆ ಫೆಬ್ರವರಿ ಎಂಟರಂದು ಬಂತು. ಒಣ ಬಾಟಲಿ ಇಪ್ಪತ್ತನಾಲ್ಕು ತುಂಬಿದೆ. ಕೈ ಎರಡು ಸಲ ಗಲಬರಿಸಲು ಹೊರಟಿತು. ಎರಡು ಸಲವೂ ತಡೆದೆ. ಮೊದಲ ನಾಲ್ಕು ಬಾಟಲಿಗಳ ಸರಾಸರಿ ಮೂವತ್ತಮೂರು, ಉಳಿದ ಇಪ್ಪತ್ತರದು ಹತ್ತು. ಒಟ್ಟು ಸರಾಸರಿ ಹದಿಮೂರು ದಶಾಂಶ ಎಂಟು.

ಸುದ್ದಿ ಕೇಳಿ ಮಹಾಂತಪ್ಪ, “ಪಾಸಾದ್ನೆಲ್ರಿ,” ಎಂದರು.

“ಸರಾಸರಿ ಪಾಸಾಯಿತು. ಮೊದಲ ನಲವತ್ತು ನಿಮಿಷ ಫೇಲು. ಎರಡು ಮಳೆಗಳ ನಡುವೆ ಅಂಗಳದಲ್ಲಿ ಇಂಗಿದ್ದನ್ನು ಮಳೆಯ ಮೊದಲ ನೀರು ಒಟ್ಟಿಗೆ ಎತ್ತಿಕೊಂಡು ಹೋಗುತ್ತದೆ. ಅಷ್ಟನ್ನು ತಡೆದರೆ ಸಾಕು.”

ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದು ತೋರಿಸಿದೆ. ಅಂಗಳ ಎರಡು ಸಾವಿರದ ನಾನೂರು ಚದರಡಿ. ನಲವತ್ತು ನಿಮಿಷದಲ್ಲಿ ಬಿದ್ದದ್ದು ಅಂಗುಲದ ಹತ್ತನೆಯ ಒಂದು ಭಾಗ. ನೀರು ಇಪ್ಪತ್ತು ಘನ ಅಡಿ. ಮೋರಿಯ ಮುಂದೆ ಉದ್ದ, ಅಗಲ, ಆಳ ನಾಲ್ಕು ನಾಲ್ಕು ಅಡಿಯ ಗುಂಡಿ ತೋಡಿ ಅದರಲ್ಲಿ ಜಲ್ಲಿ, ಮರಳು ತುಂಬಿದರೆ ಮೂರನೆಯ ಒಂದು ಭಾಗ ಸಂದು ಉಳಿಯುತ್ತದೆ. ಇಪ್ಪತ್ತೊಂದು ಘನ ಅಡಿ. ಸಾಕು.

“ತೋಡೂದು ನಂದು,” ಎಂದರು ಮಹಾಂತಪ್ಪ. “ಮ್ಯಾಲಿನ ಮರಳಿಗೆ ಎಣ್ಣಿ ಕಟ್ಟಿಕೋತದಲ್ಲ, ಅದನ್ನ ಯಾರು ತಗೀಬೇಕು?”

“ಪ್ರತಿ ಮಳೆಯಾದ ಮೇಲೂ ತೆಗೆಯಬೇಕು. ನಾನು ತೆಗೆಯುತ್ತೇನೆ. ನನ್ನ ತಪ್ಪಿನಿಂದ ನೀವು ಹನ್ನೊಂದು ದಿನ ಬಾಗಿಲು ಹಾಕಿದಿರಿ. ಹನ್ನೊಂದು ಸಲ ತೆಗೆಯುತ್ತೇನೆ.”

“ನಿಮ್ಮ ವಯಸ್ಸಿಗೆ ಸಲಿಕಿ ಹಿಡೀತೀರೇನ್ರಿ?”

“ಹಿಡಿಯುತ್ತೇನೆ.”

ಅವರು ಬೆರಳು ಮಡಿಚಿ ಎಣಿಸಿದರು. “ಅದರಾಗ ಒಂದು ಐತವಾರ ಬಂತ್ರಿ. ಐತವಾರ ನಾ ಹೆಂಗೂ ತೆರೀತಿದ್ದಿಲ್ಲ. ಹತ್ತು ಅಂತ ಬರಕೋರಿ.”

ತಾಳೆ ನೋಡಿದೆ. ಇಪ್ಪತ್ತೆರಡನೆಯ ತಾರೀಖು ಭಾನುವಾರ. ಅವರ ಲೆಕ್ಕ ಸರಿ.

ಫೆಬ್ರವರಿ ಮುಗಿಯುವುದರೊಳಗೆ ಗುಂಡಿ ಸಿದ್ಧವಾಯಿತು. ಅನಂತರ ಆರು ಮಳೆ ಬಂದವು. ಆರು ಸಲವೂ ಕಪ್ಪು ಮರಳನ್ನು ಕೆರೆದು ಡಬ್ಬಿಗೆ ತುಂಬಿ, ಹೊಸ ಮರಳು ಹರಡಿದೆ. ಈಗ ಜುಲೈ. ಇಲ್ಲಿ ಇನ್ನು ನಾಲ್ಕು ತಿಂಗಳು ಮಳೆಯಿಲ್ಲ. ನಾಲ್ಕು ಸಲ ಬಾಕಿ ಇದೆ.