ತಮ್ಮನ ಪಾಲಾದ ಬಾವಿತೋಟ

ಗರೆನ್ಸಾಕ್ ಎಸ್ಟೇಟಿನಲ್ಲಿ ವೈನಿಗೂ ಅಣ್ಣ ತಮ್ಮ ಅಂತ ಉಂಟು. ಒಳ್ಳೊಳ್ಳೆ ದ್ರಾಕ್ಷಿತೋಟಗಳ ರಸವೆಲ್ಲ ಅಣ್ಣನಿಗೆ. ಎಸ್ಟೇಟಿನ ಹೆಸರು, ಗೋಪುರದ ಚಿತ್ರ, ಎಲ್ಲ ಅವನ ಸೀಸೆಯ ಮೇಲೆ. ಅವನು ದೂರದೂರದ ಸಾಹುಕಾರರ ನೆಲಮಾಳಿಗೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಮಲಗಿದ್ದು ಆಮೇಲೆ ಏಳುವ ಗಿರಾಕಿ. ಅಲ್ಲಿಗೆ ಸಲ್ಲದ ರಸ ತಮ್ಮನಿಗೆ. ಅವನದು ಬೇರೆ ಹೆಸರು, ಗೋಪುರವಿಲ್ಲದ ಸಾದಾ ಚೀಟಿ. ಯಾರದೋ ಮನೆಯ ಭಾನುವಾರದ ಊಟದಲ್ಲಿ ಅವನ ಕಥೆ ಬೇಗ ಮುಗಿದುಹೋಗುತ್ತದೆ. ಯಾವ ತೋಟ ಅಣ್ಣನ ಪಾಲಿಗೆ, ಯಾವುದು ತಮ್ಮನ ಪಾಲಿಗೆ ಎನ್ನುವುದು ಫೆಬ್ರವರಿಯ ಒಂದು ಬೆಳಗ್ಗೆ ತೀರ್ಮಾನವಾಗುತ್ತದೆ.

ಆ ಬೆಳಗ್ಗೆ ಮಯ್ಲಿಸ್ ಕಾಫಿ ಕುಡಿಯಲಿಲ್ಲ, ಹಲ್ಲಿಗೆ ಪೇಸ್ಟನ್ನೂ ಹಚ್ಚಲಿಲ್ಲ. ರುಚಿ ನೋಡುವ ನಾಲಿಗೆ ಚೊಕ್ಕಟವಾಗಿರಬೇಕು. ಎಸ್ಟೇಟಿನ ಪೀಪಾಯಿಗಳೆಲ್ಲ ಎಷ್ಟೋ ಕಾಲದಿಂದ ಅವಳ ಸುಪರ್ದಿನಲ್ಲಿದ್ದವು. ಹೊರಗಿನ ಬಳ್ಳಿಗಳು ಅವಳ ಗಂಡ ಗ್ರಾಸ್ಯಾಂನ ಸುಪರ್ದಿನಲ್ಲಿ. ಹೋದ ಜುಲೈನಲ್ಲಿ ಅವನು ತೀರಿಕೊಂಡ. ಚಳಿಗಾಲದಲ್ಲಿ ಅವನು ಕತ್ತರಿ ಹಿಡಿದು ಸವರಿದ ಬಳ್ಳಿಗಳು ಅವನಿಲ್ಲದೆಯೇ ಹಣ್ಣಾದವು. ಯಾರೋ ಕೊಯ್ದರು, ಅವಳು ರಸ ಇಳಿಸಿದಳು.

ಅವನ ಪ್ರಾಣವೆಲ್ಲ ಬಾವಿತೋಟದಲ್ಲಿತ್ತು. ಹಳೇ ಬಾವಿಯ ಸುತ್ತಲಿನ ಆ ಸಣ್ಣ ತುಂಡಿಗೆ ಬೇರೆ ಯಾರೂ ಕತ್ತರಿ ಇಡುವ ಹಾಗಿರಲಿಲ್ಲ. ನನ್ನ ಬಾವಿತೋಟ ತಮ್ಮನ ಹೊಸಿಲು ತುಳಿದದ್ದೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಈಗ ಮಯ್ಲಿಸ್‌ಗೆ ಬೇಕಿದ್ದದ್ದೂ ಅಷ್ಟೇ, ಅವನ ಕೊನೆಯ ಫಸಲು ಅಣ್ಣನ ಸೀಸೆ ಸೇರಬೇಕು. ಮಕ್ಕಳು ಮರಿ ಇಲ್ಲದ ಮನುಷ್ಯ. ಅವನ ಕೈಯದು ಅಂತ ಒಂದಿಷ್ಟು ಈ ಭೂಮಿಯ ಮೇಲೆ ಮೂವತ್ತು ವರ್ಷವಾದರೂ ಉಳಿದಿರಲಿ ಎಂದು ಅವಳ ಆಸೆ. ಕೊಯ್ಲಿನಿಂದೀಚೆಗೆ ಬಾವಿತೋಟದ ಪೀಪಾಯಿಗಳ ರುಚಿಯನ್ನು ಮಾತ್ರ ಅವಳು ನೋಡಿರಲಿಲ್ಲ. ನೋಡಲು ಮನಸ್ಸು ಬರದೆ, ಜೊತೆ ಕೆಲಸದ ನಾದೆಜ್‌ಗೆ ಒಪ್ಪಿಸಿಬಿಟ್ಟಿದ್ದಳು.

ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರತಿಯೊಬ್ಬರಿಗೂ ತಮ್ಮ ತೋಟದ್ದೇ ಅಮೃತ. ಅದಕ್ಕೇ ಗರೆನ್ಸಾಕ್‌ನಲ್ಲಿ ಸೀಸೆಗಳಿಗೆ ಬಟ್ಟೆಯ ಚೀಲ ತೊಡಿಸಿ ಮೇಜಿಗೆ ತರುತ್ತಾರೆ. ತೋಟದ ಹೆಸರು ಸೀಸೆಯ ತಳದಲ್ಲಿ ಅಂಟಿರುತ್ತದೆ. ಎಲ್ಲರೂ ರುಚಿ ನೋಡಿ, ಬಕೆಟ್ಟಿಗೆ ಉಗಿದು, ಅಣ್ಣನಿಗೋ ತಮ್ಮನಿಗೋ ಹೇಳಿ ಮುಗಿಸಿದ ಮೇಲೆಯೇ ತಳ ತಿರುಗಿಸುವುದು. ತಿರುಗಿಸಿದ ಮೇಲೆ ಮತ್ತೆ ಮಾತಿಲ್ಲ. ಹಿಂದೊಮ್ಮೆ ಹಳೆಯ ಯಜಮಾನರು ತಳ ನೋಡಿದ ಮೇಲೆ ತಮ್ಮ ಅಚ್ಚುಮೆಚ್ಚಿನ ತೋಟವನ್ನು ಸದ್ದಿಲ್ಲದೆ ಅಣ್ಣನ ಕಡೆ ತಳ್ಳಲು ಹೋಗಿದ್ದರು. ಗ್ರಾಸ್ಯಾಂ ಟೋಪಿ ತೆಗೆದು ಮೇಜಿಗೆ ಕುಕ್ಕಿ ಜಗಳವಾಡಿದ್ದ. ಆ ನಿಯಮ ಅಂದಿನಿಂದ ಬಂದದ್ದು.

ಈಗ ಯಜಮಾನಿಕೆ ಆ ಹಳೆಯ ಯಜಮಾನರ ಮಗಳು ಕ್ಲೋತಿಲ್ದ್‌ಳದು. ಮೇಜಿನ ಸುತ್ತ ಅವಳು, ಬೋರ್ದೋದಿಂದ ಬಂದ ಸಲಹೆಗಾರ, ಮಯ್ಲಿಸ್. ಸೀಸೆಗಳನ್ನು ಜೋಡಿಸಿದ ನಾದೆಜ್ ಬಾಯಿಗೆ ಬೀಗ ಹಾಕಿಕೊಂಡು ಗೋಡೆಗೆ ಒರಗಿದ್ದಳು.

ಮೂರನೇ ಸೀಸೆಯ ರಸ ಬಾಯಿಗೆ ಬಿದ್ದದ್ದೇ ಮಯ್ಲಿಸ್‌ಗೆ ಎದೆ ತುಂಬಿ ಬಂತು. ಮೊದಲು ಹೂವಿನ ಪರಿಮಳ, ಅದರ ಹಿಂದೆಯೇ ಬಾವಿಯ ಸರಪಳಿಯಂಥ ತಣ್ಣನೆ ಕಬ್ಬಿಣ. ಇವನೇ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಇದು ಅಣ್ಣನಿಗೇ ಸೈ ಎಂದು ಪಟ್ಟು ಹಿಡಿದು ವಾದಿಸಿದಳು. ಉಳಿದಿಬ್ಬರೂ ಹೌದೆಂದು ತಲೆಯಾಡಿಸಿದರು. ಹೊತ್ತ ಭಾರ ಇಳಿದು ಅವಳಿಗೆ ಉಸಿರು ಸಲೀಸಾಯಿತು, ನಾಲಿಗೆಯೂ ಸಲೀಸಾಯಿತು. ಯಾವಾಗಲೂ ಕೊನೆಗೆ ಮಾತಾಡುವವಳು ಅಂದು ಎಲ್ಲರಿಗಿಂತ ಮೊದಲೇ ತೀರ್ಪು ಕೊಡತೊಡಗಿದಳು.

ಕೊನೆ ಕೊನೆಗೆ ಒಂದು ಸೀಸೆ ಬಂತು. ಬಣ್ಣವೂ ತೆಳು, ರಸವೂ ತೆಳು. ಕ್ಲೋತಿಲ್ದ್ ಏನೋ ಹೇಳಲು ಬಾಯಿ ತೆರೆದಿದ್ದಳು.

“ನೀರೇ ಜಾಸ್ತಿ ಇದರಲ್ಲಿ,” ಎಂದು ಮಯ್ಲಿಸ್ ಬಕೆಟ್ಟಿಗೆ ಉಗಿದಳು. “ಯಾರೋ ಸೋಮಾರಿ ಸವರಿರೋ ಬಳ್ಳಿ. ತಮ್ಮನಿಗೆ ಹಾಕಿ.”

ಅವಳ ಮಾತಿಗೆ ಎದುರಾಡುವವರು ಆ ಮೇಜಿನಲ್ಲಿ ಇರಲಿಲ್ಲ.

ತಳ ತಿರುಗಿಸುವ ಕೆಲಸ ನಾದೆಜ್‌ಳದು. ಮೊದಲೆರಡು ಆದ ಮೇಲೆ ಮೂರನೆಯದಕ್ಕೆ ಬಿರಡೆ ಒತ್ತಿ, ಎತ್ತಿ ತಿರುಗಿಸಿದಳು. ರಸ್ತೆಬದಿಯ ತೋಟ. ಟ್ರ್ಯಾಕ್ಟರಿನ ಹೊಗೆ ಕುಡಿದು ಬೆಳೆಯೋ ಹಣ್ಣು ಎಂದು ಗ್ರಾಸ್ಯಾಂ ಯಾವಾಗಲೂ ಆಡಿಕೊಳ್ಳುತ್ತಿದ್ದ ತೋಟ. ಮಯ್ಲಿಸ್ ಅದನ್ನೇ ನೋಡುತ್ತ ಕೂತಳು. ಆಮೇಲೆ ಆ ತೆಳು ರಸದ ಸೀಸೆ ಬಂದಾಗ ನಾದೆಜ್ ಅದನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿಸದೆ ನಿಂತುಬಿಟ್ಟಳು. ಅವಳ ಮುಖ ನೋಡಿಯೇ ಮಯ್ಲಿಸ್‌ಗೆ ತಿಳಿದುಹೋಯಿತು.

“ತಿರುಗಿಸೇ,” ಎಂದಳು.

ಬಾವಿತೋಟ.

ಸಲಹೆಗಾರ ತನ್ನ ಲೋಟವನ್ನು ಬೆಳಕಿಗೆ ಹಿಡಿದು, ಇಲ್ಲದ ಕಸ ಹುಡುಕತೊಡಗಿದ. ಕ್ಲೋತಿಲ್ದ್ ಎದ್ದು ಬಂದು ಮಯ್ಲಿಸ್‌ಳ ಪಕ್ಕ ಕೂತಳು. ಚಿಕ್ಕವಳಿದ್ದಾಗ ಗ್ರಾಸ್ಯಾಂನ ಹೆಗಲೇರಿ ತೋಟ ಸುತ್ತಿದ ಹುಡುಗಿ ಅವಳು.

“ಮಯ್ಲಿಸ್, ಇರೋದೇ ನಾಲ್ಕು ಪೀಪಾಯಿ. ಅಣ್ಣನಿಗೇ ಸೇರಿಸಿಬಿಡೋಣ. ಅಷ್ಟರಿಂದ ಏನೂ ಕೆಡಲ್ಲ. ಇಲ್ಲಿರೋರು ಯಾರೂ ಬಾಯಿ ಬಿಡಲ್ಲ, ನೀವು ಹ್ಞೂಂ ಅನ್ನಿ ಸಾಕು.”

ಬೇಕಾದದ್ದು ತಾನಾಗಿ ಬಟ್ಟಲಿಗೆ ಬಂದು ಬಿದ್ದಿತ್ತು. ಹ್ಞೂಂ ಅನ್ನಲು ಎಷ್ಟು ಹೊತ್ತು? ಆದರೆ ಅವಳ ಕಣ್ಣ ಮುಂದೆ ಹೋದ ವರ್ಷದ ಜನವರಿ ಬಂದು ನಿಂತಿತು. ಗ್ರಾಸ್ಯಾಂ ಒಬ್ಬನೇ ಕತ್ತರಿ ಹಿಡಿದು ಬಾವಿತೋಟಕ್ಕೆ ಹೋಗುತ್ತಿದ್ದ. ಎರಡು ಬಳ್ಳಿ ಸವರಿ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದ. ಒಂದು ದಿನ ಆ ದಾರಿಯಲ್ಲಿ ಹೋದಾಗ ಅವಳು ನೋಡಿದ್ದಳು, ಗಿಡ್ಡಕ್ಕೆ ಕತ್ತರಿಸಬೇಕಾದ ಕಡ್ಡಿಗಳೆಲ್ಲ ಉದ್ದುದ್ದ ಉಳಿದಿದ್ದವು. ಕಡ್ಡಿ ಉದ್ದ ಬಿಟ್ಟರೆ ಗೊಂಚಲು ಹೆಚ್ಚು, ಗೊಂಚಲು ಹೆಚ್ಚಿದರೆ ರಸ ತೆಳು. ಜುಲೈನಲ್ಲಿ ಹೆಚ್ಚಿನ ಗೊಂಚಲು ಕಿತ್ತು ಸರಿಮಾಡಬಹುದಿತ್ತು. ಆ ಜುಲೈನಲ್ಲಿ ಎಲ್ಲರೂ ಸ್ಮಶಾನಕ್ಕೆ ಹೋಗಿದ್ದರು.

ನೋಡಿದವಳು ಅಂದು ಸುಮ್ಮನೆ ಮನೆಗೆ ಬಂದಿದ್ದಳು. ಕೈಲಾಗುತ್ತಿಲ್ಲ ಎಂದು ಅವನಾಗಿ ಹೇಳಲಿಲ್ಲ, ಇವಳಾಗಿ ಕೇಳಲಿಲ್ಲ. ಗಟ್ಟಿಮುಟ್ಟಾದ ಗಂಡನೇ ಮನೆಯಲ್ಲಿದ್ದಾನೆ ಎನ್ನುವ ಹಾಗೆ ಆ ಚಳಿಗಾಲವನ್ನೆಲ್ಲ ಕಳೆದಳು. ಈ ಬೆಳಗ್ಗೆಯೂ ಅವಳು ಹುಡುಕಿದ್ದು ಆ ಗಟ್ಟಿ ಮನುಷ್ಯನನ್ನೇ. ಲೋಟದಲ್ಲಿ ಕೂತಿದ್ದವನು ಬಾವಿಕಟ್ಟೆಯ ಮೇಲೆ ಏದುಸಿರು ಬಿಡುತ್ತಿದ್ದವನು. ಅವನನ್ನು ಸೋಮಾರಿ ಎಂದು ಉಗಿದಿದ್ದಳು.

“ಬೇಡ ಮಗೂ,” ಎಂದಳು. “ತಳ ತಿರುಗಿಸಿದ ಮೇಲೆ ಮಾತಿಲ್ಲ ಅಂತ ನಿಮ್ಮಪ್ಪನ ಎದುರು ಟೋಪಿ ಕುಕ್ಕಿದೋನು ಅವನು. ಈಗ ಅವನಿಗೇ ಬೇರೆ ನ್ಯಾಯ ಮಾಡಿದ್ರೆ ಎದ್ದು ಬಂದು ಬೈತಾನೆ.”

ಕ್ಲೋತಿಲ್ದ್ ನಗಲು ನೋಡಿ ಅತ್ತಳು. ಆ ಸೀಸೆಯಲ್ಲಿ ಉಳಿದಿದ್ದ ರಸವನ್ನು ಮಯ್ಲಿಸ್ ಕೇಳಿ ತೆಗೆದುಕೊಂಡು, ಕೋಟಿನೊಳಗೆ ಇಟ್ಟುಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಯಾರೂ ಸಿಗಲಿಲ್ಲ. ನದಿ ಕಡೆಯಿಂದ ಮಂಜು ಏರಿ ಬಳ್ಳಿಗಳ ಸಾಲು ಅರ್ಧಕ್ಕೇ ಕಾಣೆಯಾಗಿತ್ತು.

ನಿನ್ನೆಯ ಕೋಸು ಬೀನ್ಸಿನ ಸೂಪು ಬಿಸಿಮಾಡಿ ಮಧ್ಯಾಹ್ನದ ಊಟಕ್ಕೆ ಕೂತಳು. ಗ್ರಾಸ್ಯಾಂಗೆ ಒಂದು ಚಟವಿತ್ತು. ತಟ್ಟೆಯ ತಳದಲ್ಲಿ ಎರಡು ಚಮಚ ಸೂಪು ಉಳಿದಾಗ ಅದಕ್ಕೆ ವೈನು ಸುರಿದು, ತಟ್ಟೆಯನ್ನೇ ಎತ್ತಿ ಸೊರ್ ಅಂತ ಕುಡಿಯುತ್ತಿದ್ದ. ಅವನಪ್ಪನೂ ಹಾಗೆಯೇ. ಹಂದಿಗಾದರೂ ನಿನಗಿಂತ ನಾಜೂಕಿದೆ ಎಂದು ಅವಳು ರೇಗುತ್ತಿದ್ದಳು. ಅದಕ್ಕೆ ಬಳಸುತ್ತಿದ್ದದ್ದು ತಮ್ಮನ ಸೀಸೆಯೇ. ಅಣ್ಣ ಮಾರೋಕೆ, ತಮ್ಮ ಕುಡಿಯೋಕೆ ಎನ್ನುತ್ತಿದ್ದ.

ಮಯ್ಲಿಸ್ ಎರಡು ಚಮಚ ಸೂಪು ಉಳಿಸಿದಳು. ಬಾವಿತೋಟದ ರಸ ಸುರಿದು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟಳು. ಹೂವಿಲ್ಲ, ಕಬ್ಬಿಣವಿಲ್ಲ. ತೆಳ್ಳಗೆ, ಒಂದಿಷ್ಟು ಹುಳಿ. ಇಡೀ ಬೆಳಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಉಗಿದವಳು ಇದನ್ನು ಪೂರ್ತಿ ನುಂಗಿದಳು.

ಆಮೇಲೆ ತಟ್ಟೆ ಕೆಳಗಿಟ್ಟು, ಎದುರಿನ ಖಾಲಿ ಕುರ್ಚಿಯ ಕಡೆ ನೋಡಿದಳು.

“ಅಷ್ಟೊಂದು ಸುಸ್ತಾಗ್ತಿತ್ತಾ ನಿಂಗೆ?” ಎಂದು ಕೇಳಿದಳು.