ವಿಷ್ಣುಪ್ರಸಾದರ ಶೀತಗಾಳಿ

ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಹೊಸಮನೆಯ ವಿಷ್ಣುಪ್ರಸಾದರು ಇಡೀ ಆಕಾಶವನ್ನೇ ವಹಿಸಿಕೊಂಡುಬಿಟ್ಟಿದ್ದರು. ಬೆಳಗಾದರೆ ಟೆರೇಸಿಗೆ ಹೋಗಿ ಗಾಳಿ ಮೂಸುವುದು, ಇಳಿದು ಬಂದು ನೆಂಟರ ವಾಟ್ಸಾಪ್ ಗುಂಪಿಗೆ ಅಪ್ಪಣೆ ಹೊರಡಿಸುವುದು. ಹವಾಮಾನ ಇಲಾಖೆಯವರು ಬೇರೇನೋ ಹೇಳುತ್ತಿದ್ದರು. ಪಾಪ, ಅವರಿಗೇನು ಗೊತ್ತು, ಅವರಿಗೆ ಇವರಂಥ ಮಂಡಿನೋವಿದೆಯೇ?

ಈ ಡಿಸೆಂಬರಿನಲ್ಲಿ ಮಂಡಿ ಜೋರಾಗಿಯೇ ನುಡಿಯಿತು. ‘ಇನ್ನು ಮೂರು ವಾರ ಭಯಂಕರ ಶೀತಗಾಳಿ. ವಯಸ್ಸಾದವರು ಹೊಸ್ತಿಲು ದಾಟಬಾರದು.’

ಅದನ್ನು ಓದಿದ ಹೆಂಡತಿ ವೇದಾ ಹಣೆ ಚಚ್ಚಿಕೊಂಡಳು. “ಅಲ್ರೀ, ಭಾನುವಾರ ಮಗಳಿಗೆ ಬಳೆ ತೊಡಿಸೋ ಶಾಸ್ತ್ರ. ಬರೋರೆಲ್ಲ ವಯಸ್ಸಾದವರೇ ಅಲ್ವಾ?”

“ವಿಜ್ಞಾನಕ್ಕೆ ಶಾಸ್ತ್ರ ಗೀಸ್ತ್ರ ಎಲ್ಲ ಗೊತ್ತಾಗಲ್ಲ ಕಣೇ.”

ಭಾನುವಾರ ಬಿಸಿಲು ಚುರುಗುಟ್ಟಿತು. ಬಸುರಿ ಶ್ರೀಗೌರಿ ಹಸಿರು ಸೀರೆಯುಟ್ಟು ಬಾಗಿಲು ಕಾಯುತ್ತ ಕೂತಳು. ಹೆತ್ತವಳು ವೇದಾ ನಿಜ, ಆದರೆ ಎತ್ತಿ ಆಡಿಸಿ ಬೆಳೆಸಿದವಳು ಭದ್ರಾವತಿಯ ಸೋದರತ್ತೆ ಪುಟ್ಟಲಕ್ಷ್ಮಿ. ಮೊದಲ ಬಳೆ ಅವಳ ಕೈಯಿಂದಲೇ ಆಗಬೇಕು. ಉಳಿದ ನೆಂಟರಂತೂ ಬರಲಿಲ್ಲ, ಅರ್ಧ ಗಂಟೆ ದಾರಿಯ ಅವಳೂ ಬರಲಿಲ್ಲ. ಫೋನ್ ಬಂತು.

“ಅಣ್ಣಯ್ಯ ಹೊಸ್ತಿಲು ದಾಟಬೇಡ ಅಂದಿದ್ದಾನಲ್ಲ ಅತ್ತಿಗೆ. ಅವನ ಮಾತು ಮೀರ್ಲಾ?”

ಶ್ರೀಗೌರಿಯ ಕಣ್ಣು ತುಂಬಿತು. “ಅತ್ತೆ ತೊಡಿಸದೆ ನಾನು ಒಂದು ಬಳೆಯನ್ನೂ ಮುಟ್ಟಲ್ಲಮ್ಮ,” ಎಂದಳು.

ವೇದಾಳಿಗೆ ರೇಗಿಹೋಯಿತು. ಬಳೆ, ಹೂವು, ಊಟದ ಕ್ಯಾರಿಯರ್ ಎಲ್ಲವನ್ನೂ ಕಾರಿಗೆ ತುಂಬಿ, ಮಗಳನ್ನು ಹತ್ತಿಸಿ, ಗಂಡನನ್ನೂ ಎಳೆದು ಕೂರಿಸಿದಳು. ಹವಾಮಾನ ತಜ್ಞರು ಸ್ವೆಟರು, ಮಫ್ಲರು, ಮಂಕಿಕ್ಯಾಪು ಸಮೇತ ಕೂತಿದ್ದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಟೋಪಿ ತೆಗೆದರೆ ಭವಿಷ್ಯವೇ ಸುಳ್ಳಾಗುತ್ತದಲ್ಲ!

ಭದ್ರಾವತಿಯ ಹಳೇನಗರದ ಆ ಮನೆಯಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಪುಟ್ಟಲಕ್ಷ್ಮಿಯೂ ಮಂಕಿಕ್ಯಾಪು ಹಾಕಿ, ಕಂಬಳಿ ಹೊದ್ದು, ಕೆಂಡದ ಮುಂದೆ ಕೂತಿದ್ದಳು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿ ಗಂಭೀರವಾಗಿ ತಲೆಯಾಡಿಸಿದರು.

“ನಿಂಗೇನು ಹುಚ್ಚಾ ಮಾರಾಯ್ತಿ? ಹೊರಗೆ ಬಿಸಿಲು ನೋಡಿದ್ಯಾ?” ಎಂದು ವೇದಾ ಬಾಯಿ ತೆಗೆಯುವಷ್ಟರಲ್ಲಿ ಪುಟ್ಟಲಕ್ಷ್ಮಿ ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಮೆಲ್ಲಗೆ ಅತ್ತಿಗೆ. ಹಿತ್ತಲಲ್ಲಿ ಸಂಡಿಗೆ ಒಣಹಾಕಿದೀನಿ, ಬಿಸಿಲು ನಂಗೆ ಕಾಣಲ್ವಾ? ನಮ್ಮಣ್ಣ ಹೇಳಿದ್ದು ಸುಳ್ಳಾಗಲ್ಲ ಅಂತ ಬೀದಿಗೆಲ್ಲ ಸಾರಿದೀನಿ. ನಾನೇ ಬಸ್ಸು ಹತ್ತಿದ್ರೆ ಅವನ ಮರ್ಯಾದೆ ಏನಾಗ್ಬೇಕು? ಮಗೂನ ಕರ್ಕೊಂಡು ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು.” ದನಿ ಇನ್ನೂ ತಗ್ಗಿಸಿ ಹೇಳಿದಳು, “ಸ್ಕೂಲು ಬಿಟ್ಟ ಮೇಲೆ ಅವನ ಮಾತು ಕೇಳೋರು ಯಾರಿದ್ದಾರೆ ಹೇಳಿ?”

ವೇದಾ ಬಾಗಿಲ ಸಂದಿಯಿಂದ ಗಂಡನ ಮಂಕಿಕ್ಯಾಪಿನತ್ತ ನೋಡಿದಳು. ಮೂವತ್ತು ವರ್ಷ ಒಂದು ಕ್ಲಾಸಿನ ತುಂಬ ಮಕ್ಕಳು ಕೇಳುತ್ತಿದ್ದ ಮಾತದು. ಈಗ ಹೆಂಡತಿಯಾದ ತಾನೂ ಸರಿಯಾಗಿ ಕೇಳುವುದಿಲ್ಲ.

ಶಾಸ್ತ್ರ ನಡೆಯಿತು. ಬೆವರಿದ ಕೈಗೆ ಹಸಿರು ಬಳೆಗಳು ಸಲೀಸಾಗಿ ಏರಿದವು. ಶ್ರೀಗೌರಿ ಅತ್ತೆಯ ಮಡಿಲಿಗೊರಗಿ ನಕ್ಕಳು.

ವಿಷ್ಣುಪ್ರಸಾದರು ಮಫ್ಲರಿನಿಂದ ಕುತ್ತಿಗೆ ಒರೆಸಿಕೊಂಡು ಹೆಂಡತಿಯ ಕಡೆ ಅಳುಕುತ್ತಲೇ ನೋಡಿದರು. “ನಾಳೆಯಿಂದ ಜೋರಾಗ್ಬಹುದು.”

ವೇದಾ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. “ನಾಳೆ ಯಾಕೆ, ನಂಗೆ ಈಗ್ಲೇ ನಡುಕ ಬರ್ತಿದೆ ಕಣ್ರೀ.”