ಅಟಕಿನ ಎತ್ತು, ಮಸೂತಿಯ ಎತ್ತು

ಯುನೂಸನನ್ನು ಪೊಲೀಸರು ಕರೆದೊಯ್ದ ಸುದ್ದಿ ಬಂದಾಗ ಚಂದ್ರಾಮ ಹೊಲದ ಮುಂದೆ ಎತ್ತಿನ ಮೈ ತೊಳೆಯುತ್ತಿದ್ದ. ಸುದ್ದಿ ತಂದವಳು ಯುನೂಸನ ಹೆಂಡತಿ ಮೆಹರಾಜ. ಮನಗೂಳಿಯಿಂದ ಮಸೂತಿ ಊರಿನ ತನಕ ಟಂಟಂ ಗಾಡಿ ಹಿಡಿದು ಬಂದಿದ್ದಳು. ಕಾಲಲ್ಲಿದ್ದ ಚಪ್ಪಲಿಗಳಲ್ಲಿ ಒಂದು ಅವಳದು, ಇನ್ನೊಂದು ಗಂಡನದು.

"ಮುಂಜಾನಿ ಏಳಕ್ಕ ಬಂದ್ರಿ ಅಣ್ಣಾರ. ನಾಷ್ಟಾನೂ ಮಾಡಗೊಡಲಿಲ್ಲ. ಜೀಪಿನ್ಯಾಗ ಹಾಕ್ಕೊಂಡ ಹೋದ್ರು. ಪಾಕಿಸ್ತಾನದವನ ಜೋಡಿ ಮಾತಾಡ್ಯಾನಂತ."

ಚಂದ್ರಾಮನಿಗೆ ನಗುವೇ ಬಂತು. "ಏ ತಂಗಿ, ಪಾಕಿಸ್ತಾನದವನ ಜೋಡಿ ಮಾತಾಡಾವ ನಾನಲ್ಲೇನ! ಫೋನ್ ನಂದು, ನಂಬರ ನಂದು. ಅವನ್ಯಾಕ ಒಯ್ತಾರ?"

ಮೆಹರಾಜ ನಗಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಚಂದ್ರಾಮನ ನಗು ಅರ್ಧಕ್ಕೇ ನಿಂತು, ಬಾಯಿ ಮಾತ್ರ ತೆರೆದೇ ಉಳಿಯಿತು. ಕೈಯಲ್ಲಿದ್ದ ಹುಲ್ಲಿನ ಸಿಂಬೆ ನೆಲಕ್ಕೆ ಬಿತ್ತು.

ಚಂದ್ರಾಮನ ಖಿಲಾರಿ ತಳಿಯ ಎತ್ತಿನ ಜೋಡಿ ಇಂಡಿಯಿಂದ ಮುದ್ದೇಬಿಹಾಳದ ತನಕ ಹೆಸರು ಮಾಡಿದ ಜೋಡಿ. ಎರಡು ವರ್ಷದ ಹಿಂದೆ ಮುದ್ದೇಬಿಹಾಳದ ಕಡೆ ನಡೆದ ಎತ್ತಿನ ಓಟದ ಶರ್ಯತ್ತಿನಲ್ಲಿ ಅವು ಗೆದ್ದು ಬಂದ ವಿಡಿಯೋವನ್ನು ಯಾರೋ ಮೊಬೈಲಿಗೆ ಹಾಕಿದ್ದರು. ಅದು ಎಲ್ಲೆಲ್ಲಿ ತಿರುಗಿತೋ, ಕೊನೆಗೆ ಪಾಕಿಸ್ತಾನದ ಅಟಕ್ ಕಡೆಯ ಮಲಿಕ್ ನಜೀರ್ ಎಂಬ ರೈತನ ಕಣ್ಣಿಗೆ ಬಿತ್ತು. ಅವನೂ ಎತ್ತು ಓಡಿಸುವವನು. ನಂಬರು ಹುಡುಕಿ ಚಂದ್ರಾಮನಿಗೆ ಉರ್ದುವಿನಲ್ಲಿ ಮಾತಾಡಿದ ಒಂದು ಸಂದೇಶ ಕಳಿಸಿದ. ಚಂದ್ರಾಮ ಕಲಿತದ್ದು ಊರ ಸಾಲೆಯಲ್ಲಿ ಏಳನೆಯ ಇಯತ್ತೆ. ಉರ್ದುವಿನಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೆರಡು ಬೈಗುಳ ಮಾತ್ರ. ಫೋನು ಹಿಡಿದು ಸೀದಾ ಮನಗೂಳಿಯ ಸಂತೆಗೆ ಹೋದ. ಅಲ್ಲಿ ಬೇವಿನ ಮರದ ಕೆಳಗೆ ಎತ್ತುಗಳಿಗೆ ನಾಲು, ಅಂದರೆ ಲಾಳ, ಬಡಿಯುವ ಯುನೂಸನಿದ್ದ. ಮೂವತ್ತು ವರ್ಷದಿಂದ ಚಂದ್ರಾಮನ ಎತ್ತುಗಳ ಗೊರಸು ಅವನ ಕೈ ಬಿಟ್ಟು ಬೇರೆಯವರ ಕೈ ಕಂಡಿಲ್ಲ.

"ಏನಂತಾನೊ ಅಂವ?"

"ನಿಮ್ಮ ಎಡಗಡಿ ಎತ್ತಿನ ಗೊರಸು ಭಾಳ ಛಲೋ ಅದಾವಂತ್ರಿ. ನಾಲ ಯಾರು ಬಡದಾರ ಅಂತ ಕೇಳ್ಯಾನ."

ಯುನೂಸ ಹಲ್ಲು ಕಿಸಿದ. ಅವತ್ತಿನಿಂದ ಸುರುವಾಯಿತು. ಸಂತೆಯ ದಿನ ಚಂದ್ರಾಮ ಫೋನು ಒತ್ತಿ ಹಿಡಿದು ಕನ್ನಡದಲ್ಲಿ ಹೇಳುತ್ತಿದ್ದ. ಅದರ ಬೆನ್ನಿಗೇ ಯುನೂಸ ಉರ್ದುವಿನಲ್ಲಿ ಹೇಳುತ್ತಿದ್ದ. ಹೋಗುವ ಪ್ರತಿಯೊಂದು ಸಂದೇಶದಲ್ಲೂ ಎರಡು ದನಿ. ಹುರುಳಿ ನುಚ್ಚು ಎಷ್ಟು, ಬೆಲ್ಲ ಎಷ್ಟು, ಓಟದ ಹಿಂದಿನ ದಿನ ನೀರು ಯಾವಾಗ ನಿಲ್ಲಿಸಬೇಕು, ಇಷ್ಟೇ ಮಾತು. ಒಮ್ಮೆ ನಜೀರ್ ಇಲ್ಲಿಯ ಹಲಗಿ ವಾದ್ಯದ ಬಡಿತ ಕೇಳಬೇಕೆಂದ. ಚಂದ್ರಾಮ ಕಳಿಸಿದ. ಮುಂದಿನ ಓಟದಲ್ಲಿ ಆ ಬಡಿತವನ್ನು ಅವರು ದೊಡ್ಡ ಸ್ಪೀಕರಿನಲ್ಲಿ ಹಚ್ಚಿದ್ದರು. ಆ ವಿಡಿಯೋ ಬಂದ ದಿನ ಚಂದ್ರಾಮ ಹೆಂಡತಿ ಲಕ್ಕವ್ವನನ್ನು ಅಡುಗೆಮನೆಯಿಂದ ಎಳೆತಂದು ಮೂರು ಸಲ ತೋರಿಸಿದ್ದ.

ಗಡಿಯಲ್ಲಿ ಬಾಂಬು ಬೀಳಲು ಹತ್ತಿದಾಗ ಎರಡೂ ಕಡೆ ಬಾಯಿ ಬಂದ್ ಆಯಿತು. ಎಲ್ಲ ನಿಂತ ಮೇಲೆ ಮೊದಲು ಮಾತಾಡಿದವನು ನಜೀರ್. ಎತ್ತುಗಳು ಸಪ್ಪಳಕ್ಕೆ ಬೆದರಿ ಮೇವು ಬಿಟ್ಟಿವೆ ಅಂದಿದ್ದ. ಕಿವಿಯಲ್ಲಿ ಅರಳೆ ಇಡು, ನೀನೇ ಹತ್ತಿರ ಮಲಗು ಎಂದು ಚಂದ್ರಾಮ ಹೇಳಿ ಕಳಿಸಿದ್ದ. ಅದು ಹೋಗಿ ಹನ್ನೆರಡು ದಿನ ಆಗಿತ್ತು.

ಮೆಹರಾಜಳನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಚಂದ್ರಾಮ ತಾಲೂಕಿನ ಠಾಣೆ ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಅವನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ ಇರುವಂಥದ್ದು. ಅವತ್ತು ಮೂಗೂ ಬಿಟ್ಟು ಮುಂದೆ ಹೊರಟಿತ್ತು. ಯುನೂಸ ಒಳಗೆ ಗೋಡೆಗೆ ಆತು ನೆಲದ ಮೇಲೆ ಕುಳಿತಿದ್ದ. ಕುರ್ಚಿಗಳು ಖಾಲಿಯಿದ್ದವು.

"ಸಾಹೇಬ್ರ, ನೀವು ಹಿಡಕೊಂಡ ಬಂದಿದ್ದು ತಪ್ಪ ಮನಷ್ಯಾನ್ನ. ಪಾಕಿಸ್ತಾನದ ದೋಸ್ತಿ ನಂದು. ತಗೋರಿ ಫೋನ್, ಎಲ್ಲಾ ಅದರಾಗ ಐತಿ."

ಪಿಎಸ್‌ಐ ಸಣ್ಣ ವಯಸ್ಸಿನವನು. ಫೋನು ಹಚ್ಚಿ ಕೇಳಿದ. ಠಾಣೆಯ ತುಂಬ ಚಂದ್ರಾಮನ ದನಿ ಗರ್ಜಿಸಿತು: ಬಲಗಡಿದು ಗಟ್ಟಿ ಐತಿ, ಎಡಗಡಿದು ಕಡೀಕ ಹಿಂದ ಬೀಳತೈತಿ. ಹಿಂದೆಯೇ ಯುನೂಸನ ಮೆಲ್ಲನೆಯ ಉರ್ದು.

"ಇದು ಎತ್ತಿನ ಮಾತೋ, ಎತ್ತಿನ ಹೆಸರಿಲೆ ಬ್ಯಾರೆ ಏನರೆ ಐತೋ?"

"ಎತ್ತ ನೋಡೀರೇನ್ರಿ ಯಾವಾಗರೆ?"

ಮೂಲೆಯಲ್ಲಿ ಬರೆಯುತ್ತಿದ್ದ ಹವಾಲ್ದಾರ ಕೆಮ್ಮಿದ. ಅದು ನಗುವಿನ ಕೆಮ್ಮು. ಪಿಎಸ್‌ಐ ಮಾತ್ರ ನಗಲಿಲ್ಲ.

"ಯಜಮಾನ, ದನಿ ಸಣ್ಣ ಮಾಡು. ದೂರು ನಿನ್ನ ಮ್ಯಾಲಿಲ್ಲ. ಯುನೂಸನ ಮ್ಯಾಲೈತಿ. ನೀ ಮನಿಗೆ ಹೋಗು."

"ಮಾತಾಡಿದಾವ ನಾ, ದೂರು ಅವನ ಮ್ಯಾಲೆ ಹೆಂಗ ಆಗತೈತ್ರಿ? ಯಾವ ಬೇಕೂಫ ಬರದಾನ?"

ಪಿಎಸ್‌ಐ ಹವಾಲ್ದಾರನಿಗೆ ಕಣ್ಸನ್ನೆ ಮಾಡಿದ. ಹವಾಲ್ದಾರ ಹಾಳೆ ತೆಗೆದು, ಸಾಲೆಯ ಮಕ್ಕಳು ಪಾಠ ಓದುವಂತೆ ಓದಿದ: "ಮಸೂತಿಯ ಚಂದ್ರಾಮ ಎಂಬುವರು ಭೀಮು ಅವರ ಚಹಾದಂಗಡಿಯಲ್ಲಿ ಎಲ್ಲರ ಎದುರು ಹೇಳಿದ ಪ್ರಕಾರ, 'ನನಗೇನು ಉರ್ದು ಬರುತ್ತದೆಯೇ? ಪಾಕಿಸ್ತಾನದವನ ಜೊತೆ ಮಾತಾಡುವವನು ಯುನೂಸ.' ಸದರಿ ಮಾತಿನಿಂದ ನಮಗೆ ಸಂಶಯ ಬಂದಿದ್ದು..."

ಮುಂದಿನದು ಚಂದ್ರಾಮನಿಗೆ ಕೇಳಿಸಲಿಲ್ಲ. ಹವಾಲ್ದಾರನ ತುಟಿ ಆಡುತ್ತಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು, ಸಪ್ಪಳ ಮಾತ್ರ ಇರಲಿಲ್ಲ. ಅಂದದ್ದು ಹೌದು. ಎಂಟು ದಿನದ ಹಿಂದೆ ಅಂಗಡಿಯಲ್ಲಿ ನಾಲ್ಕೈದು ಮಂದಿ ಕಾಡಿದ್ದರು. "ಏನ ಚಂದ್ರಾಮ ಕಾಕಾ, ನಿಮ್ಮ ದೋಸ್ತ ಬಾಂಬ್ ಒಗದ್ನಲ್ಲ, ನಿಮಗ ಮೊದ್ಲ ಹೇಳಿದ್ನೇನು?" ಎಲ್ಲರೂ ನಕ್ಕಿದ್ದರು. ಬೇರೆ ದಿನವಾಗಿದ್ದರೆ ಚಂದ್ರಾಮ ಬೈದು ಎದ್ದು ಬರುತ್ತಿದ್ದ. ಅವತ್ತು ಅವರ ನಗು ಕಣ್ಣಿನ ತನಕ ಏರಿರಲಿಲ್ಲ. ಅದನ್ನು ಕಂಡು ಇವನು ಏಳದೆ ಕುಳಿತಿದ್ದ. ಆ ಮಾತು ಆಗ ಬಾಯಿಂದ ಜಾರಿತ್ತು. ಎಲ್ಲರೂ ಮತ್ತೆ ನಕ್ಕಿದ್ದರು. ಚಂದ್ರಾಮನೂ ನಕ್ಕಿದ್ದ. ಚಹಾ ಕುಡಿದು ಮನೆಗೆ ಬಂದಿದ್ದ.

ಅವನು ಯುನೂಸನ ಕಡೆ ನೋಡಲಿಲ್ಲ. ನೋಡಲು ಕುತ್ತಿಗೆ ತಿರುಗಲಿಲ್ಲ.

ಪಿಎಸ್‌ಐ ಈಗ ಮೆತ್ತಗೆ ಮಾತಾಡಿದ. "ನೋಡು ಯಜಮಾನ, ಫೋನಿನ್ಯಾಗ ಎತ್ತಿನ ಮಾತ ಬಿಟ್ರ ಏನಿಲ್ಲ, ನನಗೂ ತಿಳೀತು. ಆದ್ರ ದೂರು ಬಂದೈತಿ, ಏನರೆ ಒಂದು ಬರದು ಮುಗಸಬೇಕು. ಯುನೂಸ ನಿನಗ ಗೊತ್ತಿಲ್ಲದಂಗ ನಿನ್ನ ಫೋನ್ ತಗೊಂಡು ಮಾತಾಡ್ಯಾನ ಅಂತ ಬರಕೊಡು. ಅವಂಗ ಎಚ್ಚರಿಕಿ ಕೊಟ್ಟ ಬಿಡತೇನಿ. ನೀನೂ ಪಾರು, ಅವನೂ ಪಾರು."

ಯುನೂಸ ಆಗ ಮೊದಲ ಸಲ ಬಾಯಿ ಬಿಟ್ಟ. ದನಿ ಒಣಗಿತ್ತು. "ಬರಕೊಡ್ರಿ ಅಣ್ಣಾರ."

"ಏನಂದಿ?"

"ಬರಕೊಡ್ರಿ ಅಂದೆ. ನನಗ ಮನಿಗೆ ಹೋಗೂದೈತಿ."

ಎದೆಗೆ ಎತ್ತು ಒದ್ದರೆ ಉಸಿರು ಹೇಗೆ ನಿಲ್ಲುತ್ತದೆ ಎಂಬುದು ಚಂದ್ರಾಮನಿಗೆ ಗೊತ್ತಿತ್ತು. ಈಗ ಹಾಗೇ ಆಯಿತು. ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗುತ್ತೇನೆ ಎನ್ನುತ್ತಿದ್ದಾನೆ ಈ ಮನುಷ್ಯ, ಅದೂ ಹಿಟ್ಟಿನ ಚೀಲ ಹೊತ್ತಷ್ಟು ಸಹಜವಾಗಿ. ಇದು ಅವನಿಗೆ ಹೊಸದಲ್ಲ ಎಂಬಂತೆ. ಮೂವತ್ತು ವರ್ಷದಲ್ಲಿ ಚಂದ್ರಾಮ ಒಮ್ಮೆಯೂ ಅವನ ಆ ಹೊರೆಯನ್ನು ಕಂಡಿರಲಿಲ್ಲ.

ಹವಾಲ್ದಾರ ಬಿಳಿ ಹಾಳೆ, ಪೆನ್ನು ಮುಂದಿಟ್ಟ. ಚಂದ್ರಾಮ ಕುಳಿತ. ಬಹಳ ಹೊತ್ತು ಬರೆದ. ಅವನ ಅಕ್ಷರ ಒಂದೊಂದೂ ಜೋಳದ ದಂಟಿನಷ್ಟು ಉದ್ದ. ಬರೆದು ಹವಾಲ್ದಾರನ ಕಡೆ ದೂಡಿದ. ಹವಾಲ್ದಾರ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ.

"ಸರ್, ಇವರು ದೂರು ಬರದಾರ."

"ಯಾರ ಮ್ಯಾಲೆ?"

"ಇವರ ಮ್ಯಾಲೆ ಇವರ ಬರದಾರ್ರಿ."

"ಹೌದು!" ಚಂದ್ರಾಮ ಎದ್ದು ನಿಂತ. "ದೂರು ಇದ್ದವ್ರನ್ನ ಅಷ್ಟ ಹಿಡಿತೇವಿ ಅಂದ್ರಲ್ಲ. ಈಗ ನನ್ನ ಮ್ಯಾಲೂ ಐತಿ. ದೂರುದಾರ ಚಂದ್ರಾಮ, ಆರೋಪಿ ಚಂದ್ರಾಮ. ಎರಡು ವರ್ಷ ಪಾಕಿಸ್ತಾನದವನ ಜೋಡಿ ಮಾತಾಡೇನಿ, ಯುನೂಸ ನಾ ಹೇಳಿದ್ದ ಅಷ್ಟ ಹೇಳ್ಯಾನ. ಅಂಗಡ್ಯಾಗ ಅಂದಿದ್ದು ಸುಳ್ಳು. ಹಲಗಿ ಕಳಿಸಿದ್ದೂ ಬರದೇನಿ. ಇದಕ್ಕ ಠಸ್ಸೆ ಹಾಕಿ ನನಗೊಂದ ಪಾವತಿ ಕೊಡ್ರಿ. ಕೊಡೂ ತನಕ ಅವನ ಬಾಜೂಕ ಕುಂದರತೇನಿ."

ಹೇಳಿದವನೇ ಹೋಗಿ ಯುನೂಸನ ಪಕ್ಕದಲ್ಲಿ ನೆಲಕ್ಕೆ ಕುಳಿತ. ಯುನೂಸ ಅವನಿಗೆ ಜಾಗ ಮಾಡಿದನೋ, ದೂರ ಸರಿದನೋ, ತಿಳಿಯಲಿಲ್ಲ.

ಪಿಎಸ್‌ಐ ಬೈದ, ಹೆದರಿಸಿದ, ತನ್ನ ಫೋನು ತೆಗೆದುಕೊಂಡು ಹೊರಗೆ ಹೋಗಿ ಯಾರ ಜೊತೆಗೋ ಮಾತಾಡಿದ. ಒಳಗೆ ಬಂದಾಗ ದಣಿದಿದ್ದ. "ಎತ್ತು, ಹಲಗಿ, ತನ್ನ ಮ್ಯಾಲೆ ತಾನ ದೂರು. ಇದನ್ನ ಮ್ಯಾಲಿನವ್ರಿಗೆ ಹೆಂಗ ಹೇಳ್ಲಿ ನಾ?" ಅಂದು ತನ್ನಷ್ಟಕ್ಕೆ ಗೊಣಗಿದ. ನಾಲ್ಕು ಗಂಟೆಯ ಸುಮಾರಿಗೆ ಇಬ್ಬರ ಫೋನೂ ಇಟ್ಟುಕೊಂಡು, ಇಬ್ಬರ ಸಹಿಯನ್ನೂ ತೆಗೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ ಬಿಟ್ಟುಬಿಟ್ಟ.

ಹೊರಗೆ ಬಿಸಿಲು ಇನ್ನೂ ಸುಡುತ್ತಿತ್ತು. ಮೆಹರಾಜ ಗೇಟಿನ ಹತ್ತಿರ ನಿಂತಿದ್ದಳು. ಗಂಡನನ್ನು ಕಂಡು ಓಡಿ ಬರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕುಳಿತಳು. ಚಂದ್ರಾಮನಿಗೆ ಎದೆ ಸ್ವಲ್ಪ ಹಗುರಾಗಿತ್ತು. "ನೋಡಿದೇನು, ಹೆಂಗ ಬಿಟ್ರು! ಬಾ, ಮೊದ್ಲ ಊಟ ಮಾಡೂಣು," ಅಂದು ಯುನೂಸನ ಹೆಗಲಿಗೆ ಕೈ ಚಾಚಿದ.

ಯುನೂಸ ನಿಂತ. "ಅಣ್ಣಾರ, ಅಂವ ಓದಿದ್ನಲ್ಲ, ಅಂಗಡ್ಯಾಗಿನ ಮಾತು. ಖರೇನ ನೀವ ಅಂದಿದ್ರೇನ್ರಿ?"

"ಅಂದಿದ್ದೆ."

"ನನ್ನ ಹೆಸರ ತಗೊಂಡು?"

"ಹೌದೋ."

"ಯಾಕ್ರಿ?"

ಯಾರೇ ಏನೇ ಕೇಳಿದರೂ ಚಂದ್ರಾಮನ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಈಗ ಹುಡುಕಬೇಕಾಯಿತು. ಸಿಕ್ಕದ್ದು ಒಂದೇ ಮಾತು. ಐವತ್ತೆರಡು ವರ್ಷದಲ್ಲಿ ಅದನ್ನು ಅವನು ಯಾರ ಎದುರೂ ಆಡಿರಲಿಲ್ಲ.

"ಅಂಜಿದ್ದೆ."

ಯುನೂಸ ಅವನನ್ನು ನೋಡುತ್ತಲೇ ಇದ್ದ. ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚಂದ್ರಾಮ ತಡೆದುಕೊಳ್ಳುತ್ತಿದ್ದ.

"ನೀವ ಅಂಜಿದ್ರ ನಾ ಏನ ಮಾಡ್ಲಿ ಅಣ್ಣಾರ?" ಅಂದ.

ಮನಗೂಳಿಯ ಬಸ್ಸು ಬಂತು. ಯುನೂಸ ಹೆಂಡತಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಮೊದಲು ಅವಳನ್ನು ಹತ್ತಿಸಿ, ತಾನೂ ಹತ್ತಿದ. ಬಸ್ಸು ಹೊರಟಿತು. ಚಂದ್ರಾಮ ಮೋಟರ್‌ಸೈಕಲ್ಲಿನ ಕೀಲಿಯನ್ನು ಕೈಯಲ್ಲಿ ಹಿಡಿದು, ಬಾಯಿ ತೆರೆದು, ರಸ್ತೆಯ ನಡುವೆ ನಿಂತೇ ಇದ್ದ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ಹಾರ್ನು ಬಾರಿಸಿ ಬಾರಿಸಿ ಸಾಕಾಗಿ, ಬೈಯುತ್ತ ಸುತ್ತು ಹಾಕಿಕೊಂಡು ಹೋದ.